‘ನೀವು ಶೆಟ್ಟ್ರಾ?’ ಅಂದ್ರು ಡಾಕ್ಟ್ರು

ರಾತ್ರಿ ಎರಡೂಮುಕ್ಕಾಲು. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆ. ಆಪರೇಷನ್ ಥಿಯೇಟರಿನ ಬಾಗಿಲು ಅರ್ಧ ತೆರೆಯಿತು. ಮತ್ತು ಕೊಡುವ ಡಾಕ್ಟರು ಹೊರಗೆ ಬಂದು ನನ್ನ ಮುಖ ನೋಡಿ ಕೇಳಿದರು, “ನೀವು ಯಾವ ಜನ? ಶೆಟ್ಟ್ರಾ?”

ನನಗೆ ಮೊದಲು ಬಂದದ್ದು ಸಿಟ್ಟು. ಒಳಗೆ ಅಪ್ಪ ಮಲಗಿದ್ದಾರೆ, ಹೊರಗೆ ಜಾತಿ ವಿಚಾರಣೆ ನಡೀತಿದೆಯಲ್ಲ ಅಂತ. ಎಂಜಿನಿಯರಿಂಗ್ ಸೇರಿದ ಮೇಲೆ ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಹೆಸರಿನ ಕೊನೆಯ ‘ಶೆಟ್ಟಿ’ ಕಿತ್ತು ಹಾಕಿ ಬರೀ ಇನಿಷಿಯಲ್ ಉಳಿಸಿಕೊಂಡವನು ನಾನು. ಆ ರಾತ್ರಿ ಆಸ್ಪತ್ರೆಯ ಫಾರಂ ತುಂಬಿಸುವಾಗಲೂ ಅಪ್ಪನ ಹೆಸರನ್ನು ಅದೇ ಅಭ್ಯಾಸದಲ್ಲಿ ಬರೆದಿದ್ದೆ.

“ಯಾಕೆ ಮೇಡಂ?” ಅಂದೆ. ದನಿ ಒರಟಾಗೇ ಇತ್ತು ಅನ್ಸುತ್ತೆ.

“ಹೇಳಿ ಸರ್, ಕಾರಣ ಇದೆ. ಶೆಟ್ಟ್ರು ಅಂದ್ರೆ ಬಂಟರಾ, ಲಿಂಗಾಯತ ಶೆಟ್ಟರಾ, ವೈಶ್ಯರಾ?”

“ವೈಶ್ಯರು. ಆರ್ಯವೈಶ್ಯ.”

ಅವರು ಒಂದು ದೊಡ್ಡ ಉಸಿರು ಬಿಟ್ಟರು. “ಹಾಗಾದ್ರೆ ಅದೇ ಇರಬೇಕು,” ಅಂದವರೇ ಒಳಗೆ ಹೊರಟರು. ಬಾಗಿಲ ಹತ್ತಿರ ನಿಂತು, “ಹೆದರಬೇಡಿ. ಆಪರೇಷನ್ ಚೆನ್ನಾಗೇ ಆಗಿದೆ. ಅವರು ಇನ್ನೂ ಸ್ವಂತವಾಗಿ ಉಸಿರಾಡ್ತಿಲ್ಲ ಅಷ್ಟೆ, ಮೆಷಿನ್ ಉಸಿರಾಡಿಸ್ತಿದೆ. ಕಾಯಬೇಕು,” ಅಂದರು.

ಉಸಿರಾಡ್ತಿಲ್ಲ ಅಷ್ಟೆ! ಆ ‘ಅಷ್ಟೆ’ ಕೇಳಿ ನಾನು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತುಬಿಟ್ಟೆ.

ಈ ಅಂಕಣದಲ್ಲಿ ಸಾಮಾನ್ಯವಾಗಿ ನಾನು ಆಫೀಸು, ಟ್ರಾಫಿಕ್ಕು, ಪಿಜಿ ಊಟ ಅಂತ ಬರೆದುಕೊಂಡು ಹೋಗೋನು. ಈ ಸಲ ಮನೆ ವಿಷಯ ಬರೀತಿದ್ದೀನಿ. ಅಪ್ಪ ಮತ್ತು ಅಕ್ಕ ಇಬ್ಬರೂ ಓದಿ, ಬರಿ ಅಂದ ಮೇಲೆ.

ಆಗಿದ್ದು ಇಷ್ಟು. ನಮ್ಮೂರು ಚಳ್ಳಕೆರೆ. ಅಪ್ಪನದು ದಿನಸಿ ಅಂಗಡಿ. ಅಕ್ಕನನ್ನು ಕೊಟ್ಟಿರೋದು ದಾವಣಗೆರೆಗೆ. ಅವಳಿಗೆ ಆಗ ಐದು ತಿಂಗಳು, ನೋಡಿಕೊಂಡು ಬರೋಣ ಅಂತ ಶನಿವಾರ ಎಲ್ಲರೂ ಹೋಗಿದ್ವಿ. ರಾತ್ರಿ ಊಟ ಮುಗಿಸಿದ ಮೇಲೆ ಅಪ್ಪನಿಗೆ ಹೊಟ್ಟೆನೋವು. ಗ್ಯಾಸ್ ಅಂತ ಅಮ್ಮ ಓಮದ ನೀರು ಕೊಟ್ಟಳು. ಹನ್ನೊಂದಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಪೆಂಡಿಕ್ಸ್, ಒಡೆಯೋ ಹಂತದಲ್ಲಿದೆ, ಈಗಲೇ ಆಪರೇಷನ್ ಆಗಬೇಕು ಅಂದರು. 58 ವರ್ಷದಲ್ಲಿ ಅಪ್ಪ ಆಸ್ಪತ್ರೆ ಹಾಸಿಗೆ ಮೇಲೆ ಮಲಗಿದ್ದು ಅದೇ ಮೊದಲು.

ಹೊಟ್ಟೆ ತುಂಬಿದ್ದವರಿಗೆ ತುರ್ತಾಗಿ ಮತ್ತು ಕೊಡಬೇಕಾದಾಗ ಡಾಕ್ಟರುಗಳಿಗೆ ಒಂದು ಭಯ ಇರುತ್ತೆ: ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ? ಅದಕ್ಕೇ ಬೇಗ ಗಂಟಲಲ್ಲಿ ನಳಿಕೆ ಇಳಿಸಬೇಕು. ಆ ಕೆಲಸಕ್ಕೆ ಸ್ನಾಯುಗಳನ್ನು ಒಂದು ನಿಮಿಷದೊಳಗೆ ಸಡಿಲ ಮಾಡುವ ಔಷಧಿ ಸ್ಕೋಲಿನ್. ಪೂರ್ತಿ ಹೆಸರು ಸಕ್ಸಿನೈಲ್‌ಕೋಲಿನ್. 1950ರ ದಶಕದ ಆರಂಭದಲ್ಲಿ ಬಳಕೆಗೆ ಬಂದದ್ದು. ಇದು ಕೊಟ್ಟರೆ ಕೈಕಾಲು ಮಾತ್ರ ಅಲ್ಲ, ಉಸಿರಾಟದ ಸ್ನಾಯುಗಳೂ ನಿಂತುಹೋಗುತ್ತವೆ. ಆದರೆ ಬರೀ ಐದು-ಹತ್ತು ನಿಮಿಷ. ಅಷ್ಟರಲ್ಲಿ ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ತುಂಡು ಮಾಡಿ ಹಾಕುತ್ತೆ. ಲಿವರ್ ತಯಾರಿಸುವ ಆ ಕಿಣ್ವದ ಹೆಸರು ಬ್ಯುಟಿರಿಲ್‌ಕೋಲಿನೆಸ್ಟರೇಸ್. ನಾಲಿಗೆ ಹೊರಳದಿದ್ದರೆ ಚಿಂತೆ ಇಲ್ಲ, ನನಗೂ ಒಂದು ವಾರ ಹಿಡೀತು.

ಅಪ್ಪನಿಗೆ ಆ ಕಿಣ್ವವೇ ಇರಲಿಲ್ಲ. ಇದ್ದರೂ ಲೆಕ್ಕಕ್ಕಿಲ್ಲದಷ್ಟು. ಹತ್ತು ನಿಮಿಷಕ್ಕೆ ಇಳಿಯಬೇಕಾದ ಔಷಧಿ ಗಂಟೆಗಟ್ಟಲೆ ಹಾಗೇ ಕೂತಿತ್ತು.

ಇದಕ್ಕೆ ಮಾಡಬೇಕಾದ್ದು ಹೆಚ್ಚೇನಿಲ್ಲ, ಕಾಯೋದು. ಮೆಷಿನ್ನಿನಲ್ಲಿ ಉಸಿರಾಡಿಸುತ್ತಾ, ನಿದ್ದೆಯ ಔಷಧಿ ಮುಂದುವರಿಸುತ್ತಾ ಕಾಯೋದು. ನಿದ್ದೆಯ ಔಷಧಿ ಯಾಕೆ ಅಂದರೆ, ಇಲ್ಲದಿದ್ದರೆ ರೋಗಿಗೆ ಎಚ್ಚರ ಆಗಿಬಿಡಬಹುದು. ಎಲ್ಲಾ ಕೇಳಿಸುತ್ತೆ, ನೋವೂ ಗೊತ್ತಾಗುತ್ತೆ, ರೆಪ್ಪೆ ಸಹ ಅಲುಗಿಸಲಾಗದ ಸ್ಥಿತಿ. ಇದನ್ನು ಡಾಕ್ಟರು ನನಗೆ ಮರುದಿನ ಹೇಳಿದರು. ಆ ರಾತ್ರಿಯೇ ಹೇಳದೇ ಇದ್ದದ್ದು ಅವರ ದೊಡ್ಡತನ.

ಮಣಿಕಟ್ಟಿನ ಹತ್ತಿರದ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಹೆಬ್ಬೆರಳು ಅಲುಗುತ್ತಾ ನೋಡುವ ಪುಟ್ಟ ಯಂತ್ರವೊಂದು ಅವರ ಹತ್ತಿರ ಇತ್ತು. ಅರ್ಧ ಗಂಟೆಗೊಮ್ಮೆ ನೋಡ್ತಿದ್ದರಂತೆ. ಭಾವ ಫ್ಲಾಸ್ಕಿನಲ್ಲಿ ಟೀ ತಂದ, ಯಾರೂ ಕುಡಿಯಲಿಲ್ಲ. ಬೆಳಿಗ್ಗೆ ಆರೂವರೆಗೆ ನರ್ಸ್ ಬಂದು, “ಹೆಬ್ಬೆರಳು ಅಲುಗ್ತಂತೆ,” ಅಂದಳು. ಎಂಟೂವರೆಗೆ ನಳಿಕೆ ತೆಗೆದರು. ಅಪ್ಪ ಗೊಗ್ಗರು ದನಿಯಲ್ಲಿ ಕೇಳಿದ ಮೊದಲ ಮಾತು: “ಅಂಗಡಿ ಬೀಗದ ಕೈ ಯಾರ ಹತ್ರ ಐತೆ?”

ಇಷ್ಟೇ ಆಗಿದ್ದರೆ ಇದೊಂದು ಆಸ್ಪತ್ರೆ ಕಥೆ. ನನ್ನನ್ನು ಕಾಡಿದ್ದು ಆ ಮೊದಲ ಪ್ರಶ್ನೆ. ಸ್ಕೋಲಿನ್ ಇಳೀತಿಲ್ಲ ಅಂದ ಕೂಡಲೇ ಒಬ್ಬ ಡಾಕ್ಟರಿಗೆ ರೋಗಿಯ ಜಾತಿ ಯಾಕೆ ನೆನಪಾಗಬೇಕು?

ನಾನು ಕೇಳಿದೆ. ಅವರು ಕ್ಯಾಂಟೀನಿನಲ್ಲಿ ಕೂತು, ನಿದ್ದೆಗೆಟ್ಟ ಕಣ್ಣಲ್ಲೇ ವಿವರಿಸಿದರು. ದಕ್ಷಿಣ ಭಾರತದ ಅನಸ್ತೇಶಿಯಾ ಡಾಕ್ಟರುಗಳಿಗೆ ಇದು ಪಾಠದಲ್ಲೇ ಬರುವ ವಿಷಯವಂತೆ. ಮತ್ತು ಕೊಡೋಕೆ ಮುಂಚೆ ವೈಶ್ಯರಾ ಅಂತ ಕೇಳಿಕೊಳ್ಳುವವರು ಇದ್ದಾರಂತೆ. “ನಾನೂ ಕೇಳ್ತೀನಿ. ನಿಮ್ಮ ತಂದೆ ಹೆಸರು ನೋಡಿ ಹೊಳೀಲಿಲ್ಲ,” ಅಂದರು. ಅವರು ಆಕ್ಷೇಪಣೆಯಾಗಿ ಹೇಳಲಿಲ್ಲ. ನನಗೆ ಮಾತ್ರ ಆ ಫಾರಂ ಕಣ್ಣ ಮುಂದೆ ಬಂತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಕೋಡ್ ರಿವ್ಯೂ ಬಿಟ್ಟು ಇದನ್ನೇ ಓದಿದೆ. ಔಷಧಿ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಟೊರಾಂಟೋದಲ್ಲಿ ವರ್ನರ್ ಕ್ಯಾಲೋ ಎಂಬ ವಿಜ್ಞಾನಿ, ಕೆಲವರಿಗೆ ಸ್ಕೋಲಿನ್ ಇಳಿಯದಿರುವುದು ಅನುವಂಶೀಯ ಅಂತ ತೋರಿಸಿದ್ದರು. ಯುರೋಪ್ ಮೂಲದವರಲ್ಲಿ ಇದು ಅಪರೂಪ, ಸುಮಾರು ಎರಡೂವರೆ-ಮೂರು ಸಾವಿರಕ್ಕೆ ಒಬ್ಬರು. ವೈಶ್ಯರಲ್ಲಿ ಬೇರೆ ಗುಂಪುಗಳಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಕೊಯಮತ್ತೂರಿನ ಸಂಶೋಧಕರಿದ್ದ ಒಂದು ತಂಡ 2006ರಲ್ಲಿ ನಮ್ಮವರಲ್ಲಿ ಕಾಣುವ ಬದಲಾವಣೆ ಯಾವುದು ಅಂತ ಪ್ರಕಟಿಸಿತು. 574 ಅಮೈನೋ ಆಮ್ಲಗಳ ಸರಪಳಿಯಲ್ಲಿ 307ನೆಯದು ಲ್ಯೂಸಿನ್ ಇರಬೇಕಾದ ಕಡೆ ಪ್ರೋಲಿನ್ ಕೂತಿದೆ. ಜೀನ್‌ನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ.

ಜೀನ್ ಅಂದರೆ ಕೋಡ್ ಅನ್ನೋ ಹೋಲಿಕೆ ಕೇಳಿ ಕೇಳಿ ಸಾಕಾಗಿದೆ, ನಮ್ಮ ಕಸುಬಿನವರಂತೂ ಅದನ್ನು ಬಿಡೋದೇ ಇಲ್ಲ. ಆದರೂ ಒಂದು ಸಲ ನನಗೂ ಮಾಫಿ ಇರಲಿ. ಯಾರೂ ಕರೆಯದ ಫಂಕ್ಷನ್‌ನಲ್ಲಿ ಕೂತ ಬಗ್ ಇದು. ಸ್ಕೋಲಿನ್ ಮುಟ್ಟದ ಮನುಷ್ಯ ಈ ಜೀನ್ ಇಟ್ಟುಕೊಂಡು ನೂರು ವರ್ಷ ಬದುಕಬಹುದು, ಅವನಿಗಾಗಲೀ ಅವನ ಹೆಂಡತಿಗಾಗಲೀ ಗೊತ್ತೇ ಆಗುವುದಿಲ್ಲ. ನಮ್ಮ ಹಿರೀಕರು ಶತಮಾನಗಟ್ಟಲೆ ಇದನ್ನು ಹೊತ್ತುಕೊಂಡೇ ವ್ಯಾಪಾರ ಮಾಡಿದರು. 1950ರ ಹೊತ್ತಿಗೆ ಒಂದು ಔಷಧಿ ಬಂತು, ಆಗ ಇದು ‘ದೋಷ’ ಆಯ್ತು.

ಶತಮಾನಗಟ್ಟಲೆ ಅಂದದ್ದು ಸುಮ್ಮನೆ ಅಲ್ಲ. ಹೈದರಾಬಾದಿನ ಸಿಸಿಎಂಬಿಯ ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಮತ್ತಿತರರು 2009ರಲ್ಲಿ ಭಾರತದ ಹಲವು ಸಮುದಾಯಗಳ ಡಿಎನ್‌ಎ ನೋಡಿದರು. ಅವುಗಳಲ್ಲಿ ವೈಶ್ಯರೂ ಇದ್ದರು. ಇವತ್ತು ಮೂವತ್ತು ಲಕ್ಷಕ್ಕೂ ಹೆಚ್ಚಿರುವ ವೈಶ್ಯರ ಡಿಎನ್‌ಎ, ಎರಡರಿಂದ ಮೂರು ಸಾವಿರ ವರ್ಷಗಳ ಹಿಂದಿನ ಒಂದು ಸಣ್ಣ ಗುಂಪಿನ ಕಡೆ ಬೆರಳು ತೋರಿಸುತ್ತೆ. ಆಮೇಲೆ ಹೊರಗಿನವರು ಒಳಗೆ ಬಂದದ್ದು ತೀರಾ ಕಡಿಮೆ. ಆ ಸಣ್ಣ ಗುಂಪಿನಲ್ಲಿ ಯಾರೋ ಒಬ್ಬರ ಹತ್ತಿರ ಈ ಅಕ್ಷರ ತಪ್ಪಿತ್ತು. ಹೊರಗೆ ಹೋಗಿ ಕರಗಬೇಕಾದದ್ದು ಒಳಗೊಳಗೇ ಸುತ್ತಿತು.

ಚಿಕ್ಕವನಿದ್ದಾಗ ಪ್ರತಿ ವರ್ಷ ವಾಸವಿ ಜಯಂತಿಗೆ ಕೇಳುತ್ತಿದ್ದ ಕಥೆ ನೆನಪಾಯಿತು. ಪೆನುಗೊಂಡದಲ್ಲಿ ರಾಜ ಬಂದು ಹೆಣ್ಣು ಕೇಳಿದ, ಕೊಡಲ್ಲ ಅಂದರು, ವಾಸವಿಯ ಜೊತೆ 102 ಗೋತ್ರದವರು ಅಗ್ನಿಪ್ರವೇಶ ಮಾಡಿದರು. ದೇವಸ್ಥಾನದ ಗೋಡೆ ಮೇಲೆ ಆ ಚಿತ್ರ ಇತ್ತು, ನಾನು ಪುಳಿಯೋಗರೆ ತಿನ್ನುತ್ತಾ ನೋಡ್ತಿದ್ದೆ. ಕಥೆಯ ಇಸವಿ ಏನೇ ಇರಲಿ, ‘ಹೊರಗೆ ಕೊಡಲ್ಲ’ ಅನ್ನುವ ಮಾತನ್ನು ನಮ್ಮವರು ಎಷ್ಟು ಗಟ್ಟಿಯಾಗಿ ಪಾಲಿಸಿದರು ಅನ್ನೋದಕ್ಕೆ ಅಪ್ಪನ ರಕ್ತವೇ ದಾಖಲೆ.

ಗೋತ್ರ ನೋಡಿಯೇ ಮದುವೆ ಮಾಡ್ತಾರಲ್ಲ, ಹತ್ತಿರದ ಸಂಬಂಧ ತಪ್ಪುತ್ತಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಗೋತ್ರ ಅಪ್ಪನ ಕಡೆಯ ಲೆಕ್ಕ ಮಾತ್ರ. ಅಕ್ಕನನ್ನು ಬೇರೆ ಗೋತ್ರಕ್ಕೆ ಕೊಟ್ಟ ಮೇಲೆ ಅವಳ ಮಗಳ ಗೋತ್ರ ಬೇರೆಯೇ ಆಯ್ತಲ್ಲ, ತಮ್ಮ ಅವಳನ್ನು ಮದುವೆ ಆಗಬಹುದು. ನಮ್ಮ ತಾತ ಮಾಡಿಕೊಂಡದ್ದು ಹಾಗೇ, ಸ್ವಂತ ಅಕ್ಕನ ಮಗಳನ್ನು. ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಸೋದರಮಾವ, ಅತ್ತೆ ಮಗ, ಮಾವನ ಮಗಳು ಅನ್ನುವ ಲೆಕ್ಕ ಕರ್ನಾಟಕದ ಎಷ್ಟೋ ಜಾತಿಗಳಲ್ಲಿದೆ. ಒಬ್ಬಳೇ ಮುತ್ತಜ್ಜಿಯ ಒಂದು ತಪ್ಪು ಅಕ್ಷರ, ಮಗನ ಮೂಲಕ ಒಂದು ದಾರಿಯಲ್ಲಿ, ಮಗಳ ಮಗಳ ಮೂಲಕ ಇನ್ನೊಂದು ದಾರಿಯಲ್ಲಿ ಬಂದು ಒಂದೇ ಮನೆಯಲ್ಲಿ ಸೇರಿತು. ಅಪ್ಪನಿಗೆ ಎರಡೂ ಕಡೆಯಿಂದ ಒಂದೊಂದು ಸಿಕ್ಕಿತು. ಇದು ಎರಡು ಪ್ರತಿಯೂ ಕೆಟ್ಟಾಗ ಮಾತ್ರ ತೊಂದರೆ ಕೊಡೋ ಜೀನ್. ಒಂದು ಸರಿ ಇದ್ದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತೆ.

ಹಾಗಿದ್ದರೆ ಅಪ್ಪನ ಒಡಹುಟ್ಟಿದವರು? ಇಲ್ಲೇ ನೋಡಿ ದೊಡ್ಡತ್ತೆ ಬರೋದು.

ಆಪರೇಷನ್ನಿಗೆ ಮುಂಚೆ ಡಾಕ್ಟರು ನನ್ನನ್ನು ಕೇಳಿದ್ದರು, “ಮನೇಲಿ ಯಾರಿಗಾದ್ರೂ ಮತ್ತು ಕೊಟ್ಟಾಗ ತೊಂದ್ರೆ ಆಗಿತ್ತಾ?” ಇಲ್ಲ ಅಂದಿದ್ದೆ. ಸುಳ್ಳಲ್ಲ, ನನಗೆ ಗೊತ್ತಿದ್ದದ್ದು ಅಷ್ಟೇ. ಅಪ್ಪ ಮನೆಗೆ ಬಂದ ಮೇಲೆ ನೋಡೋಕೆ ಬಂದ ದೊಡ್ಡತ್ತೆ, ಅಪ್ಪನಿಗಿಂತ ಹದಿನಾಲ್ಕು ವರ್ಷ ದೊಡ್ಡವರು, ವಿಷಯ ಕೇಳಿ ಬಾಯಿಗೆ ಸೆರಗು ಹಿಡಿದುಕೊಂಡರು. “ನಂಗೂ ಹಂಗೇ ಆಗಿತ್ತಲ್ಲೋ,” ಅಂದರು. ಸುಮಾರು ನಲವತ್ತು ವರ್ಷದ ಹಿಂದೆ ಗರ್ಭಕೋಶದ ಆಪರೇಷನ್. ಒಂದು ಇಡೀ ದಿನ ಮತ್ತು ಇಳಿಯಲಿಲ್ಲ. ಡಾಕ್ಟರು ಕೈಯಲ್ಲಿ ಬಲೂನಿನಂಥದ್ದು ಒತ್ತಿ ಒತ್ತಿ ಉಸಿರಾಡಿಸಿದರಂತೆ. ಬದುಕಿದ್ದು ವೆಂಕಟರಮಣನ ದಯೆ ಅಂತ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದರು. ಡಾಕ್ಟರಿಗೆ ಕೈಗುಣ ಇಲ್ಲ, ಹೆಚ್ಚು ಮತ್ತು ಕೊಟ್ಟುಬಿಟ್ಟ ಅಂತ ಮನೆಯವರೆಲ್ಲ ಶಾಪ ಹಾಕಿದರು. ಅಲ್ಲಿಗೆ ಮುಗೀತು. ಹೆಂಗಸರ ಆಪರೇಷನ್ ಬೇರೆ, ಯಾರೂ ಮತ್ತೆ ಬಾಯಿ ಬಿಡಲಿಲ್ಲ.

ಹೊತ್ತಲ್ಲದ ಹೊತ್ತಲ್ಲಿ ಆ ಡಾಕ್ಟರು ಬಲೂನು ಒತ್ತುತ್ತಾ ಕೂತದ್ದನ್ನು ನೆನೆಸಿಕೊಂಡರೆ ಈಗ ಪಾಪ ಅನಿಸುತ್ತೆ. ದೊಡ್ಡತ್ತೆ ಜೀವ ಉಳಿಸಿದ್ದಕ್ಕೆ ಅವರಿಗೆ ಸಿಕ್ಕಿದ್ದು ನಲವತ್ತು ವರ್ಷದ ಕೆಟ್ಟ ಹೆಸರು.

ದೊಡ್ಡತ್ತೆ ಆವತ್ತಿಂದ ಸೂಜಿ ಅಂದರೆ ನಡುಗೋರು. ಎರಡೂ ಕಣ್ಣಲ್ಲಿ ಪೊರೆ ಬಂದು ವರ್ಷಗಳಾಗಿದ್ದರೂ ಆಪರೇಷನ್ ಬೇಡ ಅಂತ ಹಟ. ಟಿವಿ ಧಾರಾವಾಹಿಯನ್ನು ರೇಡಿಯೋ ಥರ ಕೇಳೋರು. ನಾವೆಲ್ಲ ಮೊಂಡುತನ ಅಂತ ನಗ್ತಿದ್ವಿ.

ಸರಿ, ಅಪ್ಪನಿಗೆ ಎರಡೂ ಪ್ರತಿ ಕೆಟ್ಟಿದ್ದರೆ ನನಗೂ ಅಕ್ಕನಿಗೂ ಒಂದು ಖಾತ್ರಿ ಬಂದಿದೆ. ಕೊಡೋಕೆ ಅಪ್ಪನ ಹತ್ತಿರ ಒಳ್ಳೆಯದು ಇರಲೇ ಇಲ್ಲವಲ್ಲ. ಅಪ್ಪನ ರಿಪೋರ್ಟ್ ಬಂದ ಕ್ಷಣದಲ್ಲೇ ನನ್ನ ರಿಪೋರ್ಟೂ ಅರ್ಧ ಬಂದಂತೆ, ನನ್ನ ಒಪ್ಪಿಗೆ ಯಾರೂ ಕೇಳಲಿಲ್ಲ. ಇನ್ನರ್ಧ ಅಮ್ಮನ ಕೈಯಲ್ಲಿ. ಅಮ್ಮ ಹೊರಗಿನ ಸಂಬಂಧ, ಆದರೆ ಅದೇ ಸಮುದಾಯ. ಅವಳ ಹತ್ತಿರವೂ ಒಂದು ಕೆಟ್ಟ ಪ್ರತಿ ಇದ್ದರೆ ನಾವಿಬ್ಬರೂ ಒಬ್ಬೊಬ್ಬರಾಗಿ ಅರ್ಧಕ್ಕರ್ಧ ಅಪಾಯದಲ್ಲಿ. ನನ್ನದು ಹೇಗೋ ಆಗುತ್ತೆ. ಅಕ್ಕ ಬಸುರಿ. ಹೆರಿಗೆಯಲ್ಲಿ ತುರ್ತು ಬಂದು ಪೂರ್ತಿ ಮತ್ತು ಕೊಡಬೇಕಾದರೆ ಡಾಕ್ಟರ ಕೈ ಹೋಗುವುದು ಹೆಚ್ಚಾಗಿ ಸ್ಕೋಲಿನ್ ಕಡೆಗೇ.

ಪರೀಕ್ಷೆ ಮಾಡಿಸೋಣ ಅಂದೆ. ಮನೆಯಲ್ಲಿ ಯುದ್ಧ.

ಅಮ್ಮನ ವಾದ ಸರಳ. “ಹೆರಿಗೆ ಆಗೋವರೆಗೂ ಬೀಗರ ಮನೇಲಿ ಬಾಯಿ ಬಿಡಬೇಡಿ. ಹೆಣ್ಣು ಕೊಟ್ಟೋರು ನಾವು. ರಕ್ತದಲ್ಲೇ ದೋಷ ಐತೆ ಅಂತ ನಾಳೆ ಮಾತು ಬಂದ್ರೆ? ನಿಂಗೂ ಇನ್ನೂ ಮದುವೆ ಆಗಬೇಕು.” ಅಪ್ಪ ಏನೂ ಮಾತಾಡಲಿಲ್ಲ. ತನ್ನಿಂದಲೇ ಎಲ್ಲಾ ಆಯ್ತೇನೋ ಅನ್ನೋ ಮುಖ. ಅಮ್ಮ ಎದ್ದು ಹೋಗುವಾಗ, “ಇದು ನಿಮ್ಮ ಮನೆತನದ್ದು,” ಅಂತ ಒಂದು ಮಾತು ಎಸೆದಳು. ಅದು ಅಪ್ಪನಿಗೆ ನಾಟಿತು.

ಅಮ್ಮನ ಭಯವನ್ನು ಹಳ್ಳಿ ಭಯ ಅಂತ ತಳ್ಳಿಹಾಕೋಕೆ ನನಗೆ ಆಗಲಿಲ್ಲ. ನಮ್ಮ ಆಫೀಸಿನಲ್ಲಿ ಓದಿದವರ ಭಯವೂ ಅದೇ, ಬೀಗರ ಜಾಗದಲ್ಲಿ ಇನ್ಶೂರೆನ್ಸ್ ಕಂಪನಿ ಕೂತಿರುತ್ತೆ. ಅಮೆರಿಕದಲ್ಲಿ ಜೀನ್ ಪರೀಕ್ಷೆಯ ಫಲಿತಾಂಶ ನೋಡಿ ಕೆಲಸ ಅಥವಾ ಆರೋಗ್ಯ ವಿಮೆಯಲ್ಲಿ ಭೇದ ಮಾಡಬಾರದು ಅಂತ 2008ರಲ್ಲೇ ಕಾನೂನು ಬಂತು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್, ಹೃದಯದ ಕಾಯಿಲೆಯೊಂದರ ಪ್ರಕರಣದಲ್ಲಿ, ‘ಅನುವಂಶೀಯ ಕಾಯಿಲೆ’ ಅನ್ನುವ ಒಂದೇ ಪದದ ಅಡಿಯಲ್ಲಿ ಎಲ್ಲವನ್ನೂ ವಿಮೆಯಿಂದ ಹೊರಗಿಡೋದು ತಾರತಮ್ಯ ಅಂತ ಹೇಳಿತ್ತು. ಇನ್ನು ಎಂಜಲು ಕಳಿಸಿ ವಂಶ ತಿಳಿದುಕೊಳ್ಳುವ ಕಿಟ್‌ಗಳ ಕಥೆ ಗೊತ್ತೇ ಇದೆ. ಅವುಗಳಲ್ಲಿ ಹೆಸರುವಾಸಿಯಾದ 23ಆ್ಯಂಡ್‌ಮಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಇದು ಸೋರಿದರೆ ನನ್ನದು ಮಾತ್ರ ಅಲ್ಲ, ಅಕ್ಕನದು, ಅವಳ ಹೊಟ್ಟೆಯಲ್ಲಿರೋದರದ್ದು, ಎಲ್ಲರದ್ದೂ ಸ್ವಲ್ಪ ಸ್ವಲ್ಪ ಸೋರಿದ ಹಾಗೆ.

ಯುದ್ಧ ಮುಗಿಸಿದ್ದು ಅಕ್ಕ. ಫೋನಿನಲ್ಲಿ ಎಲ್ಲಾ ಕೇಳಿಸಿಕೊಂಡು, “ಅಮ್ಮ, ಆಪರೇಷನ್ ಟೇಬಲ್ ಮೇಲೆ ಮಲಗೋಳು ನಾನು,” ಅಂದಳು. ಆವತ್ತೇ ರಾತ್ರಿ ಭಾವನಿಗೆ ಹೇಳಿದಳು. ಭಾವ, “ಅಷ್ಟೇನಾ? ನಂದೂ ಮಾಡಿಸಿಬಿಡು,” ಅಂದನಂತೆ.

ಮೊದಲ ಹಂತಕ್ಕೆ ದುಬಾರಿ ಜೀನ್ ಪರೀಕ್ಷೆಯೇ ಬೇಕಾಗಿಲ್ಲ. ರಕ್ತದಲ್ಲಿ ಆ ಕಿಣ್ವ ಎಷ್ಟಿದೆ ಅಂತ ನೋಡುವ ಪರೀಕ್ಷೆ ಜಿಲ್ಲಾ ಕೇಂದ್ರದ ಲ್ಯಾಬುಗಳಲ್ಲೇ ಆಗುತ್ತೆ. ಯಾಕೆ ಅಲ್ಲೆಲ್ಲ ಸಿಗುತ್ತೆ ಗೊತ್ತಾ? ಕೀಟನಾಶಕ ಕುಡಿದವರಿಗೆ ಮಾಡೋದು ಇದೇ ಪರೀಕ್ಷೆ. ಹೊಲಕ್ಕೆ ಹೊಡೆಯೋ ಎಷ್ಟೋ ಔಷಧಿಗಳು ಈ ಕಿಣ್ವವನ್ನೇ ಕೆಡಿಸುತ್ತವೆ. ಹಾಗಾಗಿ ನಾವು ಐದು ಜನ, ಅದರಲ್ಲೊಬ್ಬಳು ತುಂಬು ಬಸುರಿ, ಒಟ್ಟಿಗೆ ಹೋಗಿ ಚೀಟಿ ಕೊಟ್ಟಾಗ ಲ್ಯಾಬಿನ ಹುಡುಗ ಗಾಬರಿಯಿಂದ, “ಯಾರು ಸರ್ ಔಷಧಿ ಕುಡ್ದಿರೋದು?” ಅಂದ. ಅಮ್ಮನಿಗೆ ಅವತ್ತು ನಗು ತಡೆಯೋಕಾಗಲಿಲ್ಲ. ತಿಂಗಳಲ್ಲಿ ಮೊದಲ ಸಲ ನಕ್ಕಳು.

ರಿಪೋರ್ಟ್ ಸಂಜೆ ಬಂತು. ಸಾವಿರಗಳಲ್ಲಿ ಇರಬೇಕಾದ ಸಂಖ್ಯೆ ಅಪ್ಪನದು ನೂರನ್ನೂ ದಾಟಿರಲಿಲ್ಲ. ನನ್ನದು ಮಧ್ಯದಲ್ಲಿ. ಅಮ್ಮನದೂ ಮಧ್ಯದಲ್ಲಿ. ಭಾವನದು ಸರಿಯಾಗಿತ್ತು. ಅಕ್ಕನದು ಅಪ್ಪನ ಪಕ್ಕಕ್ಕೇ. ಬಸುರಿಯರಲ್ಲಿ ಇದು ಸಹಜವಾಗಿ ಸ್ವಲ್ಪ ಇಳಿಯುತ್ತೆ, ಆದರೆ ಇಷ್ಟು ಇಳಿಯೋದಿಲ್ಲ ಅಂದರು ಡಾಕ್ಟರು. ಆಮೇಲೆ ಅಪ್ಪನದೂ ಅಕ್ಕನದೂ ಜೀನ್ ಪರೀಕ್ಷೆಗೆ ಕಳಿಸಿದಾಗ ಅದೇ 307ನೇ ಜಾಗ, ಎರಡೂ ಪ್ರತಿಯಲ್ಲಿ.

ಅಮ್ಮ ತುಂಬಾ ಹೊತ್ತು ಆ ಹಾಳೆ ಹಿಡಿದುಕೊಂಡೇ ಕೂತಿದ್ದಳು. “ಅಂದ್ರೆ ನನ್ನ ಕಡೆಯಿಂದಾನೂ ಬಂತಾ?” ಅಂತ ಕೇಳಿದಳು. ಹೌದಮ್ಮ, ಎರಡೂ ಕಡೆಯಿಂದ ಬರದೇ ಅಕ್ಕನಿಗೆ ಹೀಗಾಗಲ್ಲ ಅಂದೆ. ಅಪ್ಪ ಪೇಪರ್ ಓದುವ ಹಾಗೆ ಕೂತಿದ್ದರು. ಅಮ್ಮ ಒಳಗೆ ಹೋಗಿ ಅಪ್ಪನಿಗೆ ಕಾಫಿ ಮಾಡಿಕೊಂಡು ಬಂದಳು. ನಮ್ಮ ಮನೆಯಲ್ಲಿ ಕ್ಷಮೆ ಕೇಳುವ ಪದ್ಧತಿ ಇದೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಅಂಕಣ ಓದಿ ಯಾರಾದರೂ ವೈಶ್ಯ ಹುಡುಗ-ಹುಡುಗಿಯ ಮದುವೆ ಮಾತುಕತೆಯಲ್ಲಿ ಇದನ್ನು ಎತ್ತಿದರೆ ಅದು ದಡ್ಡತನ. ಇದು ಕಾಯಿಲೆ ಅಲ್ಲ. ಆಸ್ಪತ್ರೆ ಫೈಲಿನ ಮೇಲೆ ಒಂದು ಸಾಲು ಬರೆದರೆ ಅಪಾಯ ಬಹುತೇಕ ಹೋಯಿತು, ಬೇರೆ ಔಷಧಿ ಇದೆ. ಥಲಸ್ಸೇಮಿಯಾದಂಥದ್ದು ಬೇರೆ ಮಾತು. ಅಪ್ಪ-ಅಮ್ಮ ಇಬ್ಬರೂ ವಾಹಕರಾಗಿದ್ದರೆ ಮಗು ಜೀವನವಿಡೀ ರಕ್ತ ಹಾಕಿಸಿಕೊಳ್ಳಬೇಕಾಗಬಹುದು. ಅಂಥದ್ದನ್ನು ಮದುವೆಗೆ ಮುಂಚೆಯೋ ಬಸುರಿಯ ಮೊದಲ ತಿಂಗಳಲ್ಲೋ ನೋಡಿಸಿಕೊಳ್ಳೋದು ಒಳ್ಳೆಯದೇ. ಆದರೆ ನೋಡಿಸುವ ರೀತಿ ಮುಖ್ಯ. ಒಳಗೊಳಗೇ ಮದುವೆಯಾಗುವ ಇನ್ನೊಂದು ಸಮುದಾಯ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳದ್ದು. ಟೇ-ಸ್ಯಾಕ್ಸ್ ಎಂಬ ಕಾಯಿಲೆಯಿಂದ ಮಕ್ಕಳನ್ನು ಕಳೆದುಕೊಂಡ ರಬ್ಬಿಯೊಬ್ಬರು ಅಲ್ಲಿ 1983ರಲ್ಲಿ ಒಂದು ವ್ಯವಸ್ಥೆ ಶುರುಮಾಡಿದರು. ಹುಡುಗರಿಗೂ ಹುಡುಗಿಯರಿಗೂ ಮೊದಲೇ ಪರೀಕ್ಷೆ ಮಾಡಿ ಒಂದು ನಂಬರ್ ಕೊಡ್ತಾರೆ. ಸಂಬಂಧ ಬಂದಾಗ ಎರಡು ನಂಬರ್ ಹೇಳಿದರೆ, ಈ ಜೋಡಿಗೆ ಆಗುತ್ತೆ ಅಥವಾ ಆಗೋದಿಲ್ಲ ಅನ್ನುವ ಉತ್ತರ ಸಿಗುತ್ತೆ. ಯಾರ ರಕ್ತದಲ್ಲಿ ಏನಿದೆ ಅಂತ ಊರಿಗೆ ಗೊತ್ತಾಗೋದಿಲ್ಲ. ಸಿಸ್ಟಂ ಡಿಸೈನ್ ಮಾಡುವವನಾಗಿ ಅದಕ್ಕೆ ನಾನು ಟೋಪಿ ತೆಗೆದೆ. ನಮ್ಮ ಜಾತಕದಲ್ಲಿ ಎಲ್ಲರಿಗೂ ಎಲ್ಲಾ ದೋಷ ಗೊತ್ತಿರುತ್ತೆ.

ಇನ್ನೊಂದು. ಜಾತಿ ಕೇಳೋದು ಪರೀಕ್ಷೆ ಅಲ್ಲ, ಅದೊಂದು ಅಂದಾಜು ಅಷ್ಟೆ. ಹೆಚ್ಚಿನ ವೈಶ್ಯರಿಗೆ ಈ ತೊಂದರೆ ಇಲ್ಲ, ವೈಶ್ಯರಲ್ಲದವರಿಗೂ ಇರಬಹುದು. ಬೇರೆ ಸಮುದಾಯಗಳಲ್ಲಿ ಬೇರೇನು ಅಡಗಿದೆಯೋ. ತಂಗರಾಜ್, ರೈಕ್ ಮತ್ತು ಸಂಗಡಿಗರು 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದರೆ, ಅವುಗಳಲ್ಲಿ 81ರ ಕಥೆ ನಮ್ಮಂಥದ್ದೇ. ಸಣ್ಣ ಗುಂಪಿನಿಂದ ಬೆಳೆದು ಒಳಗೊಳಗೇ ಉಳಿದವರು. ನಮ್ಮ ಬೆಂಗಳೂರಿನ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್ ಓದಿದೆ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ಬಿಡುಗಡೆ ಆಯಿತು. ಅದರಿಂದ ಒಂದು ದಿನ ‘ಯಾವ ಜನ’ ಅಂತ ಕೇಳುವ ಅಗತ್ಯವೇ ಬೀಳದೆ, ರಕ್ತ ನೋಡಿಯೇ ಹೇಳುವ ಹಾಗಾದರೆ ನನಗಂತೂ ಖುಷಿ.

ಆದರೆ ಅಲ್ಲಿಯವರೆಗೆ? ಹೆಸರಿನಿಂದ ಶೆಟ್ಟಿ ಕಿತ್ತು ಹಾಕಿದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪ ಇಲ್ಲ, ಮತ್ತೆ ಸೇರಿಸಿಕೊಳ್ಳೋದೂ ಇಲ್ಲ. ಆದರೆ ತಾತ ಯಾರನ್ನು ಮದುವೆಯಾದರು, ಅತ್ತೆಗೆ ಆಸ್ಪತ್ರೆಯಲ್ಲಿ ಏನಾಯಿತು ಅನ್ನೋದನ್ನೂ ಅದರ ಜೊತೆಗೇ ಬಿಸಾಕಿದ್ದೆನಲ್ಲ, ಅದು ತಪ್ಪಾಯಿತು. ನನ್ನ ಕಾಲೇಜು ಗೆಳೆಯರಿಗೆಲ್ಲ ಮೆಸೇಜ್ ಹಾಕಿದೆ: ಮನೆಗೆ ಫೋನ್ ಮಾಡಿ, ಯಾರಿಗೆ ಯಾವ ಆಪರೇಷನ್ ಆಗಿತ್ತು, ಏನಾಯ್ತು ಅಂತ ಕೇಳಿ. ಗುಂಪಿನಲ್ಲಿ ಮೂರು ಜನ ಥಂಬ್ಸ್ ಅಪ್ ಹಾಕಿದರು. ಒಬ್ಬ ಮಾತ್ರ ನಿಜವಾಗಿ ಕೇಳಿದ.

ಅಕ್ಕನ ಹೆರಿಗೆ ನೋವು ಶುರುವಾದದ್ದು ಒಂದು ಗುರುವಾರ ಸಂಜೆ. ರಾತ್ರಿ ಮಗುವಿನ ಎದೆಬಡಿತ ಇಳಿಯತೊಡಗಿ ಸಿಸೇರಿಯನ್ ಅಂದರು. ಫೈಲಿನ ಮೇಲೆ ಭಾವ ಕೆಂಪು ಸ್ಕೆಚ್ ಪೆನ್ನಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ದಪ್ಪಗೆ ಬರೆದಿದ್ದ: ‘ಸ್ಕೋಲಿನ್ ಕೊಡಬೇಡಿ’. ಅದು ಸಾಲದು ಅಂತ ಅವಳ ಕೈಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿ ಅದರ ಮೇಲೂ ಬರೆದಿದ್ದ. ಮತ್ತು ಕೊಡುವ ಡಾಕ್ಟರು ಅದೇ ಮೇಡಂ. “ನಿಮ್ಮ ಮನೆಯವರನ್ನ ಮರೆಯೋಕಾಗುತ್ತಾ?” ಅಂದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಎಲ್ಲಾ ಆಯಿತು. ಪೂರ್ತಿ ಮತ್ತಿನ ಅಗತ್ಯ ಬೀಳಲಿಲ್ಲ, ಬಿದ್ದಿದ್ದರೆ ಬೇರೆ ಔಷಧಿ ಟ್ರೇಯಲ್ಲಿ ಸಿದ್ಧವಾಗಿತ್ತು. ಗಂಡು ಮಗು, ಎರಡು ಕೆಜಿ ಒಂಬೈನೂರು ಗ್ರಾಂ.

ಮಗುವಿಗೆ ಅಕ್ಕನಿಂದ ಒಂದು ಪ್ರತಿ ಬಂದೇ ಬಂದಿದೆ. ಭಾವನ ಕಡೆಯದು ಸರಿ ಇರೋದರಿಂದ ಚಿಂತೆ ಇಲ್ಲ. ಹುಟ್ಟಿದ ಮಕ್ಕಳಲ್ಲಿ ಈ ಕಿಣ್ವ ಹೇಗೂ ಕಡಿಮೆ ಇರುತ್ತಂತೆ, ಪರೀಕ್ಷೆ ಏನಿದ್ದರೂ ಆಮೇಲೆ. ಅಪ್ಪ ಮಾತ್ರ ತಮ್ಮ ಜೇಬಿನ ಕಾರ್ಡಿನ ಹಾಗೆ ಮೊಮ್ಮಗನಿಗೂ ಒಂದು ಲ್ಯಾಮಿನೇಷನ್ ಮಾಡಿಸಿಬಿಡೋಣ ಅಂತ ಜೆರಾಕ್ಸ್ ಅಂಗಡಿ ವಿಚಾರಿಸಿಕೊಂಡು ಬಂದಿದ್ದರು.

ದೊಡ್ಡತ್ತೆಗೆ ಅವರ ರಿಪೋರ್ಟ್ ಓದಿ ಹೇಳಿದವನು ನಾನೇ. ಅಪ್ಪನಂತೆಯೇ. “ಅಂದ್ರೆ ಆ ಡಾಕ್ಟ್ರು ತಪ್ಪು ಮಾಡಿರ್ಲಿಲ್ವಾ?” ಅಂದರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಪ, ಎಷ್ಟು ಬೈದ್ವಿ ಅವರನ್ನ,” ಅಂದರು. ಕಣ್ಣಿನ ಪೊರೆ ತೆಗೆಯೋಕೆ ಪೂರ್ತಿ ಮತ್ತು ಬೇಡವೇ ಬೇಡ, ಹನಿ ಹಾಕಿ ಮಾಡ್ತಾರೆ, ಸ್ಕೋಲಿನ್‌ಗೂ ಅದಕ್ಕೂ ಸಂಬಂಧವೇ ಇಲ್ಲ ಅಂತ ವಿವರಿಸಿದೆ. ನನ್ನ ಮಾತು ನಂಬಲಿಲ್ಲ. ಮೇಡಂಗೆ ಫೋನ್ ಹಚ್ಚಿಕೊಡು ಅಂದರು. ಹಚ್ಚಿಕೊಟ್ಟೆ.

ನಾಮಕರಣದ ದಿನಕ್ಕೆ ಬಲಗಣ್ಣಿನದು ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಬಂದವರು, ಅದನ್ನು ತೆಗೆದು, ಮಗುವನ್ನು ಕಿಟಕಿ ಹತ್ತಿರ ಹಿಡಿದುಕೊಂಡು ಹೋಗಿ ಬೆಳಕಿಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. “ಮೂಗು ನಮ್ಮದಲ್ಲ,” ಅಂದರು. ಎಡಗಣ್ಣಿನದು ಮುಂದಿನ ತಿಂಗಳಿಗೆ ಬರೆಸಿಕೊಂಡಿದ್ದಾರೆ.